ಎಸಿ ಸದ್ದು ಮಾಡ್ತಾ ಇದ್ಯಾ? ಗ್ಯಾಸ್ ಹಾಕ್ಸೋ ಮೊದ್ಲು ಇಷ್ಟು ನೋಡಿ

ಮಾರ್ಚ್ ತಿಂಗಳು ಹೊಕ್ತು ಅಂದ್ರೆ ಎಸಿ ರಿಪೇರಿ ಮಾಡೋ ನನಗೆ ಬರೋ ಫೋನಲ್ಲಿ ಅರ್ಧಕ್ಕರ್ಧ ಇದೇ ಮಾತು, "ತಂಪೇನೋ ಕೊಡ್ತದೆ, ಆದ್ರೆ ಸದ್ದು ತಡ್ಕೊಳ್ಳೋಕೆ ಆಗ್ತಿಲ್ಲ." ಎಂತ ಸದ್ದು ಅಂತ ಕೇಳಿದ್ರೆ "ಒಂಥರಾ ಸದ್ದು" ಅಂತಾರೆ. ಆ ಒಂಥರಾ ಅನ್ನೋದ್ರಲ್ಲೇ ಎಲ್ಲಾ ಇರೋದು. ಗುಳುಗುಳು ಬೇರೆ, ಟಕಟಕ ಬೇರೆ, ಗಡಗಡ ಬೇರೆ, ಒಂದಕ್ಕೆ ಬಿಡಿಗಾಸು ಖರ್ಚಿಲ್ಲ, ಇನ್ನೊಂದಕ್ಕೆ ಸಾವಿರಗಟ್ಲೆ. ಸದ್ದನ್ನ ಕಿವಿಗೊಟ್ಟು ಕೇಳದೇನೇ "ಗ್ಯಾಸ್ ಕಮ್ಮಿ ಆಗಿದೆ" ಅಂತ ಹೇಳಿಬಿಡೋರು ನಮ್ಮ ಲೈನಲ್ಲೂ ಇದ್ದಾರೆ, ಸುಳ್ಳು ಯಾಕೆ ಹೇಳ್ಲಿ. ತಂಪು ಮಾಡೋ ಈ ಗ್ಯಾಸ್ ಅನ್ನೋದು ಸ್ಕೂಟರಿನ ಪೆಟ್ರೋಲ್ ಥರ ಓಡಿದ ಹಾಗೆ ಖಾಲಿ ಆಗೋ ಸಾಮಾನಲ್ಲ, ಮುಚ್ಚಿದ ಪೈಪಿನೊಳಗೇ ವರ್ಷಗಟ್ಲೆ ಸುತ್ತತಾ ಇರ್ತದೆ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಲೀಕ್ ಹುಡುಕದೆ ತುಂಬಿಸಿದ್ರೆ ಮುಂದಿನ ಸೆಕೆಗಾಲಕ್ಕೆ ಮತ್ತೆ ಅದೇ ಕತೆ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಅಂತ ಈ ಕಡಲ ಪಟ್ಟಿಯಲ್ಲಿ ಎಸಿ ಸದ್ದಿಗೆ ಬಯಲುಸೀಮೆಯಲ್ಲಿ ಅಷ್ಟಾಗಿ ಕಾಣದ ಎರಡು ಕಾರಣ ಇದಾವೆ, ಒಂದು ಉಪ್ಪುಗಾಳಿ, ಇನ್ನೊಂದು ಚಿರೆಕಲ್ಲಿನ, ಅಂದ್ರೆ ಕೆಂಪು ಜಂಬಿಟ್ಟಿಗೆಯ ಗೋಡೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಕಡೆ ಮಷಿನ್ ಸರಿಯಾಗೇ ಇರ್ತದೆ, ಅದನ್ನ ಹಿಡ್ಕೊಂಡು ನಿಂತಿರೋ ಸ್ಟ್ಯಾಂಡು, ಬೋಲ್ಟು, ರಬ್ಬರು ಇವು ಹಾಳಾಗಿರ್ತಾವೆ. ಹಾಗಾಗಿ ಸುಲಭದ್ದು, ಖರ್ಚಿಲ್ಲದ್ದು ಮೊದ್ಲು ನೋಡ್ತಾ ಹೋಗುವಾ.

ಮೊದ್ಲು ಸದ್ದು ಒಳಗಿನದಾ ಹೊರಗಿನದಾ ಗೊತ್ತು ಮಾಡ್ಕೊಳ್ಳಿ

ಸ್ಪ್ಲಿಟ್ ಎಸಿ ಆದ್ರೆ ರಿಮೋಟಲ್ಲಿ ಕೂಲ್ ಮೋಡಿಂದ ಫ್ಯಾನ್ ಮೋಡಿಗೆ ಹಾಕಿ. ಫ್ಯಾನ್ ಮೋಡಲ್ಲಿ ಹೊರಗಿನ ಯೂನಿಟ್ ಪೂರ್ತಿ ನಿಂತಿರ್ತದೆ, ಒಳಗಿನ ಬ್ಲೋವರ್, ಅಂದ್ರೆ ಗಾಳಿ ಬೀಸೋ ಉರುಳೆ ಫ್ಯಾನ್ ಮಾತ್ರ ತಿರುಗ್ತದೆ. ಸದ್ದು ಹಾಗೇ ಮುಂದುವರಿದ್ರೆ ತಕರಾರು ಒಳಗಿನ ಯೂನಿಟ್ಟಲ್ಲಿ. ಸದ್ದು ನಿಂತ್ರೆ ಹೊರಗಿನ ಯೂನಿಟ್ಟು ಇಲ್ಲಾ ಎರಡನ್ನೂ ಸೇರಿಸೋ ತಾಮ್ರದ ಪೈಪು. ಇಷ್ಟು ಗೊತ್ತಾದ್ರೇ ಅರ್ಧ ಕೆಲಸ ಮುಗಿದ ಹಾಗೆ.

ಮತ್ತೆ ಕೂಲ್ ಮೋಡಿಗೆ ಹಾಕಿ ಸದ್ದು ಬರೋವಾಗ ಒಳಗಿನ ಯೂನಿಟ್ಟಿನ ಮುಂದಿನ ಪ್ಯಾನಲ್ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ, ಸದ್ದು ಬದಲಾಯ್ತಾ ನೋಡಿ. ಆಮೇಲೆ ಹೊರಗಿನ ಯೂನಿಟ್ ಕೂತ ಗೋಡೆಗೆ ಒಳಗಿಂದ ಕೈ ಇಟ್ಟು ನೋಡಿ, ಗೋಡೆ ಅದುರ್ತಾ ಇದ್ರೆ ಕೈಗೇ ಗೊತ್ತಾಗ್ತದೆ. ಮೊಬೈಲಲ್ಲಿ ಒಂದು ವಿಡಿಯೋ ಮಾಡಿ ಇಟ್ಕೊಳ್ಳಿ, ಯಾಕಂದ್ರೆ ಮೆಕ್ಯಾನಿಕ್ ಹಗಲಲ್ಲಿ ಬಂದು ನಿಂತಾಗ ಅದೇ ಎಸಿ ಸುಮ್ನಿರ್ತದೆ, ಅವ್ರು ಹೋದ ಮೇಲೆ ರಾತ್ರಿ ಮತ್ತೆ ಶುರು, ಇದು ಎಲ್ಲಾ ಮನೆಯ ಅನುಭವ.

ಸದ್ದು ಇದೆ, ಆದ್ರೆ ತಕರಾರಲ್ಲ

ಕೆಲವು ಸದ್ದಿಗೆ ಹೆದರಿ ಫೋನ್ ಮಾಡೋದೇ ಬೇಡ. ಎಸಿ ಆನ್ ಮಾಡಿದ ಸ್ವಲ್ಪ ಹೊತ್ತಿಗೆ, ಮತ್ತೆ ಬಂದ್ ಮಾಡಿದ ಮೇಲೆ ಚಟ್ ಚಟ್ ಅಂತ ಬರೋದು ಪ್ಲಾಸ್ಟಿಕ್ ತಂಪಿಗೆ ಕುಗ್ಗಿ ಬಿಸಿಗೆ ಹಿಗ್ಗೋ ಸದ್ದು. ಕಂಪ್ರೆಸರ್ (ಹೊರಗಿನ ಯೂನಿಟ್ಟಲ್ಲಿ ಗ್ಯಾಸನ್ನ ಒತ್ತಿ ಓಡಿಸೋ ಪಂಪು) ನಿಂತಾಗ ಒಂದೆರಡು ನಿಮಿಷ ಸುಯ್ ಅಂತ ಹರಿದ ಸದ್ದು ಬಂದ್ರೆ ಅದು ಪೈಪಿನೊಳಗೆ ಗ್ಯಾಸಿನ ಒತ್ತಡ ಎರಡೂ ಕಡೆ ಸಮ ಆಗ್ತಾ ಇರೋದು. ಕರೆಂಟ್ ಹೋಗಿ ಬಂದಾಗ ಇಲ್ಲಾ ಬಂದ್ ಮಾಡಿ ಕೂಡ್ಲೆ ಆನ್ ಮಾಡಿದಾಗ ಮೂರು ನಿಮಿಷದಷ್ಟು ಹೊತ್ತು ಕಂಪ್ರೆಸರ್ ಏಳಲ್ಲ, ಬರೀ ಗಾಳಿ ಬರ್ತದೆ, ಅದು ಕಂಪ್ರೆಸರ್ ಕಾಪಾಡೋಕೆ ಇಟ್ಟಿರೋ ತಡ. ಇನ್ವರ್ಟರ್ ಎಸಿಗೆ (ಕಂಪ್ರೆಸರ್ ಸ್ಪೀಡನ್ನ ತಾನೇ ಏರಿಸಿ ಇಳಿಸೋ ಎಸಿ) ಕರೆಂಟ್ ಕೊಟ್ಟ ಕೂಡ್ಲೆ ಹೊರಗಿನ ಯೂನಿಟ್ಟಲ್ಲಿ ಟಿಕಿಟಿಕಿ ಅಂದ್ರೆ ಗ್ಯಾಸ್ ಬಿಡೋ ವಾಲ್ವ್ ತನ್ನ ಜಾಗಕ್ಕೆ ಬರ್ತಾ ಇದೆ ಅಂತ.

ಹೊಸ ಮಾಡೆಲುಗಳಲ್ಲಿ ರಿಮೋಟಿಂದ ಬಂದ್ ಮಾಡಿದ್ರೂ ಬ್ಲೋವರ್ ಇನ್ನೂ ಎಷ್ಟೋ ಹೊತ್ತು ತಿರುಗ್ತದೆ, "ಬಂದ್ ಮಾಡಿದ್ರೂ ಬಂದ್ ಆಗಲ್ಲ" ಅಂತ ಹಿರಿಯರು ಗಾಬರಿ ಆಗ್ತಾರೆ. ಅದು ಒಳಗಿನ ಪಸೆ ಒಣಗಿಸೋ ಆಟೋ ಕ್ಲೀನ್, ನಮ್ಮ ಹವೆಗೆ ಅದು ಬೇಕೇ ಬೇಕು, ಬಿಟ್ಟುಬಿಡಿ. ಮಳೆಗಾಲದಲ್ಲಿ ಡ್ರೈ ಮೋಡ್ ಹಾಕ್ಕೊಳ್ಳೋರಿಗೆ ಗ್ಯಾಸ್ ಹರಿಯೋ ಸದ್ದು ಜಾಸ್ತಿ ಕೇಳ್ತದೆ, ಬ್ಲೋವರ್ ಮೆಲ್ಲಗೆ ತಿರುಗೋದ್ರಿಂದ ಅದನ್ನ ಮುಚ್ಚೋ ಗಾಳಿ ಸದ್ದು ಇರಲ್ಲ ಅಷ್ಟೆ.

ಗುಳುಗುಳು, ಪೊಳಕ್ ಪೊಳಕ್

ಕಾರವಾರದ ಕಾಜುಬಾಗದ ಕಡೆಯ ಒಬ್ರು ಅಕ್ಕ ಫೋನ್ ಮಾಡಿದ್ದು ಇನ್ನೂ ನೆನಪಿದೆ, "ತಮಾ, ರಾತ್ರಿ ಎಸಿ ಒಳಗೆ ಎಂತದೋ ಗುಳುಗುಳು ಅಂತದೆ, ಹಾವು ಗೀವು ಹೊಕ್ಕಿದ್ಯಾ ಬಂದು ನೋಡು." ನಾನು ಫೋನಲ್ಲೇ ಕೇಳ್ದೆ, "ಅಕ್ಕಾ, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಓಡ್ತಾ ಇದ್ಯಾ? ಅದನ್ನ ಬಂದ್ ಮಾಡಿ, ಕಿಟಕಿ ಒಂದು ಬೆರಳಷ್ಟು ತೆಗೀರಿ." ಸದ್ದು ಅಲ್ಲೇ ನಿಂತುಹೋಯ್ತು.

ವಿಷಯ ಏನಂದ್ರೆ ಕೋಣೆ ಪೂರ್ತಿ ಮುಚ್ಚಿ ಎಕ್ಸಾಸ್ಟ್ ಹಾಕಿದ್ರೆ ಹೊರಗೆ ಹೋದ ಗಾಳಿಗೆ ಬದಲು ಗಾಳಿ ಎಲ್ಲಿಂದಾದ್ರೂ ಒಳಗೆ ಬರಬೇಕಲ್ಲ, ಅದು ಎಸಿಯ ಡ್ರೈನ್ ಪೈಪಿನಿಂದ ಬರ್ತದೆ, ಇಳಿಯೋ ನೀರನ್ನ ತಳ್ಳಿಕೊಂಡು ಬರೋವಾಗ ಗುಳುಗುಳು ಅಂತದೆ. ಕಡಲಿಗೆ ಮುಖ ಮಾಡಿದ ಮನೆಗಳಲ್ಲಿ ಎಕ್ಸಾಸ್ಟ್ ಇಲ್ದೇನೂ ಹೀಗಾಗ್ತದೆ, ಮಧ್ಯಾಹ್ನದ ಪಡುವಣ ಗಾಳಿ ನೇರ ಪೈಪಿನ ಬಾಯಿಗೆ ನುಗ್ತದೆ. ಪೈಪಿನ ತುದಿ ಗಾಳಿಗೆ ಎದುರಾಗದ ಹಾಗೆ ಕೆಳಮುಖ ತಿರುಗಿಸಿ. ಇಷ್ಟಕ್ಕೆ ನಿಲ್ಲದಿದ್ರೆ ಪೈಪಲ್ಲಿ ಸ್ವಲ್ಪ ನೀರು ನಿಲ್ಲೋ ಹಾಗೆ ಒಂದು ಸಣ್ಣ ಬಾಗು ಕೊಡ್ಬಹುದು, ಅದನ್ನ ಗೊತ್ತಿದ್ದವ್ರ ಕೈಲೇ ಮಾಡಿಸಿ, ಎತ್ತರ ತಪ್ಪಿದ್ರೆ ನೀರು ಕೋಣೆಯೊಳಗೆ ಇಳೀತದೆ.

ಪೈಪಿನ ತುದಿ ಬಕೆಟ್ ನೀರಲ್ಲಿ ಮುಳುಗಿದ್ರೂ ಇದೇ ಸದ್ದು. ಎಸಿ ನೀರು ಗಿಡಕ್ಕೆ ಹಾಕ್ತೀವಿ ಅಂತ ಬಕೆಟ್ ಇಡೋದು ಅಡ್ಡಿಲ್ಲ, ಪೈಪ್ ಮಾತ್ರ ನೀರಿಗಿಂತ ಮೇಲಿರಲಿ.

ಗುಳುಗುಳು ಜೊತೆಗೆ ಗೋಡೆ ಮೇಲೆ ನೀರು ಇಳೀತಾ ಇದ್ರೆ ಡ್ರೈನ್ ಕಟ್ಟಿಕೊಂಡಿದೆ. ಪಾಚಿ, ಧೂಳಿನ ಲೋಳೆ, ಕೆಲವು ಸಲ ಕುಂಬಾರ ಹುಳ ಹೊರಗಿನ ತುದಿಗೆ ಮಣ್ಣು ಮೆತ್ತಿರ್ತದೆ. ಹೊರಗಿನ ತುದಿ ಕೈಗೆ ಸಿಗೋ ಹಾಗಿದ್ರೆ ಮಣ್ಣು ತೆಗೀರಿ, ಒಳಗಿಂದ ತಂತಿ ಹಾಕಿ ಚುಚ್ಚೋಕೆ ಹೋಗ್ಬೇಡಿ, ಪೈಪಿನ ಜೋಡಣೆ ಬಿಟ್ಕೊಳ್ತದೆ.

ಒಳಗಿನ ಯೂನಿಟ್ಟಲ್ಲಿ ಗರಗರ, ಟಕ್ ಟಕ್, ಕಿರ್ರ್

ಇಲ್ಲಿ ಮೊದಲ ಕೆಲಸ ಫಿಲ್ಟರ್. ಎಸಿ ಬಂದ್ ಮಾಡಿ, ಪ್ಲಗ್ ತೆಗೆದು ಇಲ್ಲಾ ಎಂಸಿಬಿ (ಎಸಿ ಲೈನ್ ಕಡಿಯೋ ಸ್ವಿಚ್ಚು) ಇಳಿಸಿ, ಮುಂದಿನ ಬಾಗಿಲೆತ್ತಿ ಜಾಳಿಗೆ ಎರಡನ್ನೂ ತೆಗೆದು ನಳದ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಹಾಕಿ. ದಿನಾ ಓಡೋ ಎಸಿಗೆ ಸೆಕೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಇದು ಬೇಕು. ವಾಪಸ್ ಹಾಕೋವಾಗ ಜಾಳಿಗೆ ತನ್ನ ಜಾಗದಲ್ಲಿ ಪೂರ್ತಿ ಕೂರಲಿಲ್ಲ ಅಂದ್ರೆ ಅದೇ ಹೊಸ ಸದ್ದು ಶುರು ಮಾಡ್ತದೆ. ಪ್ಯಾನಲ್ ಒತ್ತಿದಾಗ ಸದ್ದು ನಿಂತಿತ್ತು ಅಂದ್ರೆ ಬಾಗಿಲಿನ ಲಾಕ್ ಎರಡೂ ಬದಿ ಕೂತಿದ್ಯಾ ನೋಡಿ.

ಟಕ್ ಟಕ್ ಅಂತ ಒಂದೇ ತಾಳದಲ್ಲಿ, ಗಾಳಿ ಬರೋ ಬಾಯಿ ಹತ್ರ ಬಂದ್ರೆ ಸ್ವಿಂಗ್ ಫ್ಲಾಪ್. ಯಾರೋ ಕೈಯಲ್ಲಿ ಬಲವಂತವಾಗಿ ತಿರುಗಿಸಿದ್ರೆ ಅದರ ಸಣ್ಣ ಮೋಟ್ರಿನ ಹಲ್ಲು ಜಾರ್ತದೆ. ಸ್ವಿಂಗ್ ಬಂದ್ ಮಾಡಿ ನೋಡಿ, ಟಕ್ ಟಕ್ ನಿಂತ್ರೆ ಅದೇ, ದೊಡ್ಡ ಖರ್ಚಲ್ಲ, ಅವಸರವೂ ಇಲ್ಲ.

ಬ್ಲೋವರ್ ಸ್ಪೀಡ್ ಜಾಸ್ತಿ ಮಾಡಿದ ಹಾಗೆ ಜಾಸ್ತಿ ಆಗೋ ಗರಗರ, ಜೊತೆಗೆ ಮೆಲ್ಲಗೆ ಯೂನಿಟ್ಟೇ ನಡುಗೋದು, ಗಾಳಿಗೆ ಕೊಳೆತ ವಾಸನೆ ಅಂದ್ರೆ ಬ್ಲೋವರಿನ ಎಲೆಗಳಿಗೆ ಕೊಳೆ ಮೆತ್ತಿ ತೂಕ ಒಂದು ಕಡೆ ಜಾಸ್ತಿ ಆಗಿದೆ. ನಮ್ಮ ಪಸೆ ಹವೆಗೆ ಅಲ್ಲಿ ಕಪ್ಪು ಬೂಷ್ಟು ಹಿಡಿಯೋದು ಬೇಗ. ಮೊಬೈಲ್ ಟಾರ್ಚ್ ಹಿಡಿದು ಫ್ಲಾಪಿನ ಸಂದಿಯಿಂದ ಮೇಲೆ ನೋಡಿದ್ರೆ ಆ ಉರುಳೆ ಕಾಣ್ತದೆ, ಬಿಳಿ ಇಲ್ಲಾ ಬೂದಿ ಬಣ್ಣದ ಎಲೆ ಕಪ್ಪಾಗಿ ದಪ್ಪ ಕಂಡ್ರೆ ಜೆಟ್ ಸರ್ವಿಸ್, ಅಂದ್ರೆ ಪಂಪಿನ ನೀರು ಹೊಡೆದು ತೊಳೆಯೋದು, ಮಾಡಿಸಬೇಕು. ಬೆರಳು ಹಾಕ್ಬೇಡಿ, ಎಸಿ ಬಂದ್ ಇದ್ರೂ ಅಲ್ಲಿ ಕಾಯಿಲಿನ (ಗ್ಯಾಸ್ ಹರಿಯೋ ಪೈಪು, ತೆಳು ತಗಡಿನ ಜೋಡಣೆ) ಅಂಚು ಬ್ಲೇಡಿನಷ್ಟೇ ಚೂಪು. ಸರ್ವಿಸ್ ಮಾಡೋರು ಆ್ಯಸಿಡ್ ಇರೋ ಲಿಕ್ವಿಡ್ ಹೊಡೀತೀವಿ ಅಂದ್ರೆ ಬೇಡ ಅನ್ನಿ, ಉಪ್ಪುಗಾಳಿ ತಿನ್ನೋದೇ ಸಾಕು, ಮತ್ತೆ ನಾವೂ ಸೇರಿ ಕಾಯಿಲ್ ತಿನ್ನಿಸೋದು ಯಾಕೆ.

ಕಿರ್ರ್ ಅಂತ ಎಳೆದ ಸದ್ದು, ಆನ್ ಮಾಡಿದ ಹೊಸತರಲ್ಲಿ ಜಾಸ್ತಿ ಆಮೇಲೆ ಕಮ್ಮಿ ಆದ್ರೆ ಬ್ಲೋವರ್ ತುದಿಯ ಬುಷ್ ಒಣಗಿದೆ. ಅಡುಗೆ ಎಣ್ಣೆ, ಮೆಷಿನ್ ಎಣ್ಣೆ ಅಂತ ಮನೇಲೇ ಬಿಡೋಕೆ ಹೋಗ್ಬೇಡಿ, ಧೂಳು ಹಿಡಿದು ಅಂಟಾಗ್ತದೆ. ಬುಷ್ ಬದಲಿಸೋದೇ ಸರಿ.

ಇನ್ನೊಂದಿದೆ. ಒಂದೆರಡು ಗಂಟೆ ಓಡಿದ ಮೇಲೆ ಕರಕರ ಕೆರೆದ ಸದ್ದು ಬಂದು ಗಾಳಿಯೂ ಕಮ್ಮಿ ಆದ್ರೆ ಒಳಗೆ ಕಾಯಿಲ್ ಮೇಲೆ ಐಸ್ ಕಟ್ಟಿದೆ, ಅದು ಬ್ಲೋವರಿಗೆ ತಾಗ್ತಾ ಇದೆ. ಕೂಲ್ ಬಂದ್ ಮಾಡಿ ಫ್ಯಾನ್ ಮೋಡಲ್ಲಿ ಕರಗೋಕೆ ಬಿಡಿ, ಫಿಲ್ಟರ್ ತೊಳೆದು ಮತ್ತೆ ಹಾಕಿ ನೋಡಿ. ಫಿಲ್ಟರ್ ಸ್ವಚ್ಛ ಇದ್ದೂ ಮತ್ತೆ ಐಸ್ ಕಟ್ಟಿದ್ರೆ ಆಗ ಗ್ಯಾಸಿನ ಮಾತು ಎತ್ತಬಹುದು. ಚಾಕು, ಸ್ಕ್ರೂಡ್ರೈವರ್ ಹಾಕಿ ಐಸ್ ಕೆತ್ತಬೇಡಿ, ಪೈಪ್ ತೂತಾದ್ರೆ ಕತೆ ಅಲ್ಲೇ ಮುಗೀತು.

ಹೊರಗೆ ಗಡಗಡ, ಒಳಗೆ ಗೋಡೆಯೇ ಗುಂಯ್ ಅನ್ನೋದು

ನಮ್ಮ ಕಡೆ ಜಾಸ್ತಿ ಬರೋ ತಕರಾರು ಇದು, ಜಾಸ್ತಿ ಜನ ಕಂಪ್ರೆಸರ್ ಹೋಯ್ತು ಅಂತ ತಪ್ಪು ತಿಳಿಯೋದೂ ಇದನ್ನೇ.

ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿ ಕಡಲು ಸೇರೋ ಕಡೆಗೆ ಮುಖ ಇರೋ ಒಂದು ಮನೆ. ಕಂಪ್ರೆಸರ್ ಬದಲಿಸಬೇಕು ಅಂತ ಯಾರೋ ಹೇಳಿ ಹೋಗಿದ್ರು. ಹೊರಗಿನ ಯೂನಿಟ್ಟಿನ ಸ್ಟ್ಯಾಂಡ್ ದೂರದಿಂದ ನೋಡಿದ್ರೆ ಚೊಲೋನೇ ಇತ್ತು, ಬಿಳಿ ಪೇಂಟ್ ಇತ್ತು. ಹತ್ರ ಹೋಗಿ ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದ್ರೆ ಪೇಂಟಿನಡಿಯಿಂದ ಕೆಂಪು ತುಕ್ಕು ಪದರ ಪದರವಾಗಿ ಉದುರ್ತು, ಉಳಿದಿದ್ದ ಕಬ್ಬಿಣ ಅರ್ಧ ದಪ್ಪ. ನಾಲ್ಕು ಕಾಲಲ್ಲಿ ಒಂದ್ರ ಬೋಲ್ಟಿಗೆ ತಲೆ ಮಾತ್ರ ಇತ್ತು, ಕೆಳಗೆ ಬೋಲ್ಟೇ ಇಲ್ಲ. ರಬ್ಬರ್ ಪ್ಯಾಡ್ ಬಿಸಿಲಿಗೆ ಗಟ್ಟಿಯಾಗಿ ಉಗುರು ಒತ್ತಿದ್ರೂ ಗುರುತು ಬೀಳ್ತಿರಲಿಲ್ಲ. ಕಂಪ್ರೆಸರ್ ಏಳೋ ಹೊತ್ತಿಗೆ ಆ ಸಡಿಲ ಕಾಲು ಎದ್ದು ಸ್ಟ್ಯಾಂಡಿಗೆ ಬಡಿತಾ ಇತ್ತು, ಕೋಣೆಯೊಳಗೆ ಕೇಳ್ತಿದ್ದ ಗಡಗಡ ಅಷ್ಟೆ. ಸ್ಟ್ಯಾಂಡು, ಬೋಲ್ಟು, ರಬ್ಬರು ಬದಲಿಸಿದ ಮೇಲೆ ಅದೇ ಕಂಪ್ರೆಸರ್ ತಣ್ಣಗೆ ಓಡ್ತು.

ನೀವು ಮನೇಲಿ ನೋಡಬಹುದಾದ್ದು ಇಷ್ಟು. ಯೂನಿಟ್ ನೆಲದ ಮೇಲೆ, ಜಗಲಿ ಪಕ್ಕ ಇಲ್ಲಾ ಟೆರೇಸ್ ಮೇಲೆ ನಿಂತು ಕೈಗೆಟುಕೋ ಜಾಗದಲ್ಲಿದ್ರೆ ಮಾತ್ರ, ಎಂಸಿಬಿ ಇಳಿಸಿ ಅದರ ಮೇಲೆ ಇಟ್ಟ ಸಾಮಾನೆಲ್ಲಾ ತೆಗೀರಿ. ಬಕೆಟ್, ಹಳೆ ಹೂಕುಂಡ, ಒಣಗಿದ ತೆಂಗಿನ ಗರಿ ಏನೆಲ್ಲ ಇಟ್ಟಿರ್ತಾರೆ ನೀವೇ ನೋಡಿ. ಸುತ್ತಲಿನ ತಗಡಿನ ಸ್ಕ್ರೂ ಒಂದೊಂದೇ ಬಿಗಿಯಾಗಿದ್ಯಾ ನೋಡಿ, ಸರ್ವಿಸ್ ಮಾಡಿದವ್ರು ಎರಡು ಸ್ಕ್ರೂ ಹಾಕದೇ ಹೋಗೋದು ಹೊಸತಲ್ಲ. ಆಮೇಲೆ ಆನ್ ಮಾಡಿ ತಗಡಿನ ಮೇಲೆ ಅಂಗೈ ಒತ್ತಿ, ಎಲ್ಲಿ ಒತ್ತಿದಾಗ ಸದ್ದು ನಿಲ್ತದೋ ಅಲ್ಲೇ ಸಡಿಲ. ಫ್ಯಾನ್ ಜಾಲರಿ ಹತ್ರ ಮಾತ್ರ ಕೈ ಒಯ್ಯಬೇಡಿ. ರಬ್ಬರ್ ಪ್ಯಾಡ್ ಗಟ್ಟಿಯಾಗಿದ್ರೆ ಬದಲಿಸೋದಕ್ಕೆ ದೊಡ್ಡ ದುಡ್ಡೇನೂ ಬೇಡ.

ಗೋಡೆಗೆ ಸ್ಟ್ಯಾಂಡ್ ಹೊಡೆದಿದ್ರೆ ಚಿರೆಕಲ್ಲಿನ ವಿಚಾರ ಬರ್ತದೆ. ಚಿರೆಕಲ್ಲು ತೂತುತೂತು, ಮೆದು. ಕಾಂಕ್ರೀಟಿಗೆ ಹಾಕೋ ಆಂಕರ್ ಬೋಲ್ಟ್ ಅದರಲ್ಲಿ ಮೊದ್ಲು ಬಿಗಿಯಾಗೇ ಕೂರ್ತದೆ, ವರ್ಷ ಕಳೆದ ಹಾಗೆ ಅದುರಿ ಅದುರಿ ತೂತು ದೊಡ್ಡದಾಗ್ತದೆ. ಬೋಲ್ಟಿನ ಬುಡದಲ್ಲಿ ಕೆಂಪು ಪುಡಿ ಉದುರಿದ್ದು ಕಂಡ್ರೆ ಅದೇ ಗುರುತು. ಅದನ್ನ ಮತ್ತೆ ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಬಿಗಿ ಆಗಲ್ಲ, ಸುಮ್ನೆ ಸುತ್ತತದೆ. ಗೋಡೆ ಆರ್‌ಪಾರ್ ಉದ್ದ ಬೋಲ್ಟ್ ಹಾಕಿ ಒಳಬದಿಗೆ ಅಗಲ ಪಟ್ಟಿ ಕೊಡೋದು ಗಟ್ಟಿ ಕೆಲಸ, ಅದಕ್ಕಿಂತ ಗಟ್ಟಿ ಅಂದ್ರೆ ಗೋಡೆ ಬಿಟ್ಟು ನೆಲಕ್ಕೋ ಸ್ಲ್ಯಾಬಿಗೋ ಇಳಿಸಿ ಕಾಂಕ್ರೀಟ್ ಕಟ್ಟೆ ಮೇಲೆ ದಪ್ಪ ರಬ್ಬರ್ ಹಾಕಿ ಕೂರ್ಸೋದು. ಗೋಡೆಗೂ ಮಷಿನಿಗೂ ಸಂಬಂಧ ಕಡಿದ್ರೆ ಮಲಗೋ ಕೋಣೆಯ ಗುಂಯ್ ಅನ್ನೋದು ಕಡಿಯುತ್ತೆ. ಮಂಚದ ತಲೆದಿಂಬು ಇರೋ ಗೋಡೆಯ ಹೊರಬದಿಗೆ ಯೂನಿಟ್ ಹಾಕ್ಸೋದಂತೂ ಬೇಡವೇ ಬೇಡ, ಹೊಸದಾಗಿ ಹಾಕ್ಸೋರು ಇದೊಂದು ನೆನಪಿಟ್ರೆ ಸಾಕು. ಘಟ್ಟದ ಮೇಲಿನ ಶಿರಸಿ ಕಡೆಯವ್ರು ಮೊದ್ಲು ನಮ್ಮ ಎಸಿ ನೋಡಿ ನಗ್ತಿದ್ರು, ಈಗ ಅವ್ರಿಗೂ ಏಪ್ರಿಲಲ್ಲಿ ಬೇಕಾಗಿದೆ, ಅಲ್ಲಿಯ ಹಳೇ ಮನೆಗಳ ಮರದ ಹಲಗೆ ಗೋಡೆಗೆ ಒಳಗಿನ ಯೂನಿಟ್ ಹೊಡೆದ್ರೆ ಇಡೀ ಹಲಗೆ ಗುಂಯ್‌ಗುಟ್ತದೆ, ಕಲ್ಲು ಗೋಡೆಯೇ ಹುಡುಕಬೇಕು.

ಮಹಡಿ ಮನೆಯ ಹೊರಗೋಡೆಯಲ್ಲಿ ಯೂನಿಟ್ ಇದ್ರೆ ನೀವು ಕಿಟಕಿಯಿಂದ ಬಗ್ಗಿ ಮುಟ್ಟೋದು ಖಂಡಿತ ಬೇಡ. ಒಂದೂವರೆ ಟನ್ನಿನ ಹೊರಗಿನ ಯೂನಿಟ್ 25ರಿಂದ 35 ಕೆ.ಜಿ. ತೂಗ್ತದೆ, ಸ್ಟ್ಯಾಂಡ್ ತುಕ್ಕು ತಿಂದಿದೆ ಅನ್ನೋ ಅನುಮಾನ ಬಂದ್ರೆ ಎಸಿ ಬಂದ್ ಮಾಡಿ, ಅದರ ಕೆಳಗೆ ಮಕ್ಕಳು ಆಡದ ಹಾಗೆ, ಸ್ಕೂಟರ್ ನಿಲ್ಲಿಸದ ಹಾಗೆ ನೋಡ್ಕೊಳ್ಳಿ, ಬೆಲ್ಟ್ ಕಟ್ಕೊಂಡು ಕೆಲಸ ಮಾಡೋರನ್ನೇ ಕರೀರಿ. ಹೊಸ ಸ್ಟ್ಯಾಂಡ್ ತಗೊಳ್ಳೋವಾಗ ಬರೀ ಪೇಂಟ್ ಹೊಡೆದಿದ್ದು ಬೇಡ, ದಪ್ಪ ಗ್ಯಾಲ್ವನೈಸ್ ಮಾಡಿದ್ದು ಇಲ್ಲಾ ಸ್ಟೇನ್‌ಲೆಸ್ ಕೇಳಿ. ಬೋಲ್ಟ್ ಸ್ಟೇನ್‌ಲೆಸ್ 304 ಗ್ರೇಡಿನದ್ದಾದ್ರೂ ಇರಲಿ, ಕಡಲು ಕಣ್ಣಿಗೆ ಕಾಣೋ ಮನೆಗೆ 316 ಇನ್ನೂ ಚೊಲೋ.

ಹೊರಗಿನ ಫ್ಯಾನ್: ಟರ್ರ್, ಕಟಕಟ

ಟರ್ರ್ ಅಂತ ಎಲೆ ತಾಗಿದ ಸದ್ದು ಬಂದ್ರೆ ಬಂದ್ ಮಾಡಿ ಟಾರ್ಚ್ ಹಿಡಿದು ಜಾಲರಿಯೊಳಗೆ ನೋಡಿ. ಕಡ್ಡಿ, ಪ್ಲಾಸ್ಟಿಕ್ ಚೀಲ, ಹಕ್ಕಿಗೂಡು ಏನು ಬೇಕಾದ್ರೂ ಇರಬಹುದು. ಫ್ಯಾನ್ ನಿಂತಿದ್ದರೂ ಕೋಲು ಹಾಕಿ ತಿರುಗಿಸಬೇಡಿ, ಎಲೆಯ ತುದಿ ಸ್ವಲ್ಪ ಮುರಿದ್ರೂ ತೂಕ ತಪ್ಪಿ ಇನ್ನೂ ದೊಡ್ಡ ನಡುಕ ಶುರು. ಎಂತದೂ ಸಿಕ್ಕಿಕೊಳ್ಳದೇ ಗರ್ರ್ ಅಂತ ಒಣ ಸದ್ದು ದಿನದಿಂದ ದಿನಕ್ಕೆ ಜಾಸ್ತಿ ಆಗ್ತಾ ಹೋದ್ರೆ ಮೋಟ್ರಿನ ಬೇರಿಂಗಿಗೆ ಉಪ್ಪು ಹೊಕ್ಕಿದೆ. ಇದನ್ನ ಮುಂದೂಡಿದ್ರೆ ಫ್ಯಾನ್ ನಿಲ್ತದೆ, ಫ್ಯಾನ್ ನಿಂತ್ರೆ ಕಂಪ್ರೆಸರ್ ಬಿಸಿಯೇರ್ತದೆ, ಸಣ್ಣ ಖರ್ಚು ದೊಡ್ಡದಾಗ್ತದೆ.

ಎಸಿ ಬಂದ್ ಇರೋವಾಗ್ಲೇ ಜೋರು ಗಾಳಿಗೆ ಹೊರಗಿನ ಫ್ಯಾನ್ ತನ್ನಷ್ಟಕ್ಕೆ ಉಲ್ಟಾ ತಿರುಗೋದನ್ನ ನೋಡಿರ್ತೀರಿ, ಅದಕ್ಕೆ ಹೆದರೋದು ಬೇಡ. ಆದ್ರೆ ಯೂನಿಟ್ಟಿನ ಬಾಯಿ ನೇರ ಪಡುವಣಕ್ಕೆ ಇದ್ರೆ, ಓಡೋವಾಗ ಫ್ಯಾನ್ ಗಾಳಿಗೆ ಎದುರಾಗಿ ತಳ್ಳಬೇಕು, ಸದ್ದು ಏರುಪೇರಾಗ್ತದೆ. ಜಾಗ ಬದಲಿಸೋ ಅವಕಾಶ ಇದ್ರೆ ಗಾಳಿಗೆ ಅಡ್ಡ ತಿರುಗಿಸಿ.

ತಾಮ್ರದ ಪೈಪ್ ಜುಂಯ್

ಕಂಪ್ರೆಸರ್ ಓಡೋವಾಗ ಮಾತ್ರ ಸಣ್ಣ ಲೋಹದ ಜುಂಯ್ ಸದ್ದು, ಪೈಪಿನ ಕಟ್ಟನ್ನ ಕೈಯಿಂದ ಸ್ವಲ್ಪ ಸರಿಸಿದ್ರೆ ನಿಲ್ತದೆ ಅಂದ್ರೆ ಪೈಪಿಗೆ ಪೈಪು, ಇಲ್ಲಾ ಪೈಪಿಗೆ ತಗಡು ತಾಗ್ತಾ ಇದೆ. ಹೊರಗೆ ಕಾಣೋ ಕಡೆ ರಬ್ಬರ್ ತುಂಡು ನಡುವೆ ಇಟ್ಟು ಟೇಪ್ ಸುತ್ತಬಹುದು. ತಗಡಿನೊಳಗೆ ತಾಗ್ತಾ ಇದ್ರೆ ಮೆಕ್ಯಾನಿಕ್ ಕೆಲಸ. ಸಣ್ಣ ಸದ್ದು ಅಂತ ಬಿಡಬೇಡಿ, ತಾಮ್ರ ತಿಕ್ಕಿ ತಿಕ್ಕಿ ತೂತು ಬೀಳೋದು ಹೀಗೇ.

ಹೂಂ ಅಂತ ಮುಲುಕಿ ಟಕ್ ಅಂತ ಬಂದ್ ಆಗೋದು

ಕಂಪ್ರೆಸರ್ ಏಳೋಕೆ ನೋಡ್ತದೆ, ಕೆಲವು ಸೆಕೆಂಡ್ ಹೂಂ ಅಂತದೆ, ಟಕ್ ಅಂತ ಕಡಿದು ಬಿಡ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಹಳೇ ಮಾದರಿ ಒಂದೇ ಸ್ಪೀಡಿನ ಎಸಿಯಲ್ಲಿ ಇದಕ್ಕೆ ಮೊದ್ಲು ಅನುಮಾನ ಪಡೋದು ಎರಡರ ಮೇಲೆ, ವೋಲ್ಟೇಜು ಮತ್ತೆ ಕೆಪಾಸಿಟರು (ಕಂಪ್ರೆಸರ್ ಏಳೋಕೆ ಬಲ ಕೊಡೋ ಸಣ್ಣ ಡಬ್ಬಿ). ಸ್ಟೆಬಿಲೈಸರ್ ಮೇಲಿನ ಅಂಕೆ ನೋಡಿ, ನಮ್ಮ ಮನೆ ಲೈನ್ ಇರಬೇಕಾದ್ದು 230 ವೋಲ್ಟ್ ಆಸುಪಾಸು. ಸೆಕೆಗಾಲದ ಸಂಜೆ ಊರೆಲ್ಲಾ ಎಸಿ ಹಾಕಿದಾಗ ಇಳಿಯೋದು ಇದ್ದದ್ದೇ, ಹೊತ್ತಿಗೆ ತಕ್ಕ ಹಾಗೆ ಅಂಕೆ ಬರೆದಿಡಿ. ಸ್ಟೆಬಿಲೈಸರ್ ಒಳಗೇ ಪದೇ ಪದೇ ಟಕ್ ಟಕ್ ಅಂದ್ರೂ ಅದು ವೋಲ್ಟೇಜ್ ಏರಿಳಿತಕ್ಕೆ ರಿಲೇ ಬದಲಾಗ್ತಾ ಇರೋದೇ ಹೊರತು ಎಸಿ ತಪ್ಪಲ್ಲ. ದಿನಾ ಹೀಗೇ ಆದ್ರೆ ಕರೆಂಟ್ ಕಂಪನಿ ಹೆಸ್ಕಾಂನ 1912 ನಂಬರಿಗೆ ಕಂಪ್ಲೇಂಟ್ ಬರೆಸಿ, ಎಸಿ ಮೆಕ್ಯಾನಿಕ್ ಬಂದು ಮಾಡೋದು ಎಂತದೂ ಇಲ್ಲ.

ವೋಲ್ಟೇಜ್ ಸರಿ ಇದ್ದೂ ಮುಲುಕ್ತಾ ಇದ್ರೆ ಕೆಪಾಸಿಟರ್ ಇರಬಹುದು, ಬದಲಿಸೋದು ಅಗ್ಗ. ಆದ್ರೆ ಅದನ್ನ ನೀವು ಮುಟ್ಟೋ ಹಾಗಿಲ್ಲ. ಕರೆಂಟ್ ತೆಗೆದ ಮೇಲೂ ಕೆಪಾಸಿಟರಲ್ಲಿ ಶಾಕ್ ಹೊಡೆಯೋಷ್ಟು ಚಾರ್ಜ್ ಉಳಿದಿರ್ತದೆ, ಇನ್ವರ್ಟರ್ ಎಸಿಯ ಬೋರ್ಡಲ್ಲಂತೂ ಇನ್ನೂ ಜೋರು. ವಿಡಿಯೋ ನೋಡಿ ತಗಡು ಬಿಚ್ಚೋ ಹುಡುಗ್ರಿಗೆ ಇದನ್ನ ಗಟ್ಟಿಯಾಗೇ ಹೇಳಿ. ಮತ್ತೆ ಮತ್ತೆ ಆನ್ ಮಾಡಿ ನೋಡೋದೂ ಬೇಡ, ಒಂದೊಂದು ಸಲ ಮುಲುಕಿದಾಗ್ಲೂ ಕಂಪ್ರೆಸರ್ ವೈಂಡಿಂಗ್ ಬಿಸಿ ಆಗ್ತಾ ಹೋಗ್ತದೆ. ಬೋರ್ಡಿಗೆ ಹಲ್ಲಿ, ಇರುವೆ ಹೊಕ್ಕು ರಿಲೇ ಸಂದಿಯಲ್ಲಿ ಸಿಕ್ಕಿದ್ದೂ ಈ ಕಡೆ ಸಾಮಾನ್ಯ, ಹಲ್ಲಿ ಸತ್ತ ವಾಸನೆ ಬಂದಿದ್ರೆ ಮೆಕ್ಯಾನಿಕ್ಕಿಗೆ ಅದನ್ನೂ ಹೇಳಿ.

ಇವು ಯಾವುದೂ ಅಲ್ಲದೆ ಕಂಪ್ರೆಸರ್ ಒಳಗಿಂದಲೇ ಕಬ್ಬಿಣ ಬಡಿದ ಠಣ್ ಠಣ್ ಬರ್ತಾ ಇದ್ರೆ ಒಳಗಿನ ಭಾಗವೇ ಮುರಿದಿದೆ. ಆಗ ರಿಪೇರಿ ಲೆಕ್ಕ, ಎಸಿಯ ವಯಸ್ಸು, ಕಂಪ್ರೆಸರ್ ವಾರಂಟಿ ಮೂರನ್ನೂ ಕೂತು ನೋಡ್ಬೇಕು.

ನಿಲ್ಲದ ಸುಯ್ ಸದ್ದು, ತಂಪು ಕಮ್ಮಿ

ಕಂಪ್ರೆಸರ್ ನಿಂತಾಗ ಬರೋ ಸುಯ್ ಬೇರೆ ಅಂತ ಮೇಲೆ ಹೇಳ್ದೆ. ಇದು ಹಾಗಲ್ಲ, ಓಡಿದಷ್ಟು ಹೊತ್ತೂ ಇರ್ತದೆ, ದಿನಾ ತಂಪು ಇಳೀತಾ ಹೋಗ್ತದೆ, ಪೈಪ್ ಜೋಡಿಸಿದ ನಟ್ ಹತ್ರ ಎಣ್ಣೆ ಪಸೆ ಕಾಣ್ತದೆ. ಇದು ಲೀಕ್. ಬಂದ್ ಮಾಡಿ, ಕಿಟಕಿ ತೆಗೀರಿ. ಈಗಿನ ಎಸಿಗಳಲ್ಲಿ ಜಾಸ್ತಿ ಇರೋ ಆರ್-32 ಸ್ವಲ್ಪ ಮಟ್ಟಿಗೆ ಹೊತ್ಕೊಳ್ಳೋ ಗ್ಯಾಸು, ಕೆಲವು ಮಾಡೆಲಲ್ಲಿ ಬರೋ ಆರ್-290 ಅಂದ್ರೆ ಪ್ರೊಪೇನ್, ಚೆನ್ನಾಗೇ ಹೊತ್ಕೊಳ್ತದೆ. ಯಾವ ಗ್ಯಾಸ್ ಅಂತ ಹೊರಗಿನ ಯೂನಿಟ್ಟಿನ ಸ್ಟಿಕರ್ ಮೇಲೆ ಬರೆದಿರ್ತದೆ. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಸಿಗರೇಟು ಬೇಡ. ಬಂದವ್ರ ಹತ್ರ ಲೀಕ್ ಎಲ್ಲಿ ಅಂತ ಸೋಪಿನ ನೊರೆ ಹಾಕಿ ತೋರ್ಸಿ ಅಂತ ಕೇಳಿ, ತೋರಿಸಿ ಮುಚ್ಚಿದ ಮೇಲೇ ಗ್ಯಾಸು.

ಕೂಡ್ಲೆ ಬಂದ್ ಮಾಡಬೇಕಾದ್ದು

ಪ್ಲಗ್ಗಲ್ಲೋ ಎಂಸಿಬಿಯಲ್ಲೋ ಜಿರ್ರ್ ಅಂತ ಸದ್ದು, ಸುಟ್ಟ ವಾಸನೆ, ಪ್ಲಗ್ ಮುಟ್ಟಿದ್ರೆ ಬಿಸಿ ಅಂದ್ರೆ ಆ ಪ್ಲಗ್ಗನ್ನ ಕೀಳೋಕೆ ಹೋಗ್ಬೇಡಿ, ಮೇನ್ ಇಳಿಸಿ. ಉಪ್ಪುಗಾಳಿಗೆ ಸಾಕೆಟ್ಟಿನ ಹಿತ್ತಾಳೆ ಹಸಿರುಗಟ್ಟಿ ಹಿಡಿತ ತಪ್ಪಿರ್ತದೆ. ಇದು ಎಸಿ ಮೆಕ್ಯಾನಿಕ್ಕಿಗಿಂತ ಮೊದ್ಲು ಎಲೆಕ್ಟ್ರಿಷಿಯನ್ ಕೆಲಸ, ಎಕ್ಸ್‌ಟೆನ್ಷನ್ ಬೋರ್ಡಲ್ಲಿ ಎಸಿ ಓಡಿಸ್ತಾ ಇದ್ರೆ ಅದನ್ನ ಇವತ್ತೇ ತೆಗೀರಿ. ಯೂನಿಟ್ ಮುಟ್ಟಿದಾಗ ಜುಮ್ ಅಂದ್ರೂ ಹಾಗೇ, ಅರ್ಥಿಂಗ್ ನೋಡ್ಸೋವರೆಗೆ ಎಸಿ ಬೇಡ.

ವಿಂಡೋ ಎಸಿ ಇದ್ದವ್ರಿಗೆ

ಜಾಸ್ತಿ ಹೇಳೋದಿಲ್ಲ. ಫ್ಯಾನ್ ಮೋಡಿನ ಪರೀಕ್ಷೆ ಇಲ್ಲಿ ಪೂರ್ತಿ ನಡೆಯಲ್ಲ, ಒಂದೇ ಮೋಟ್ರು ಒಳಗಿನ ಹೊರಗಿನ ಎರಡೂ ಫ್ಯಾನ್ ತಿರುಗಿಸ್ತದೆ. ಹಿಂದೆ ಚಳ್ ಚಳ್ ಅಂತ ನೀರು ಚಿಮ್ಮೋದು ತಕರಾರಲ್ಲ, ಹೊರಗಿನ ಫ್ಯಾನ್ ತಳದ ನೀರನ್ನ ಕಾಯಿಲ್ ಮೇಲೆ ಎರಚಿ ತಂಪು ಮಾಡೋ ಏರ್ಪಾಟು ಅದು. ಗಡಗಡ ಅಂದ್ರೆ ಕಿಟಕಿ ಚೌಕಟ್ಟಿಗೂ ಎಸಿಗೂ ನಡುವೆ ಸಂದಿ ಬಿದ್ದಿದೆ, ಮಳೆಗಾಲದಲ್ಲಿ ಉಬ್ಬಿದ ಮರ ಸೆಕೆಗಾಲದಲ್ಲಿ ಕುಗ್ತದಲ್ಲ. ಫೋಮ್ ಪಟ್ಟಿ, ಮರದ ಚಕ್ಕೆ ಬಡಿದ್ರೆ ಸಾಕು.

ತಕರಾರಿಲ್ಲ, ಆದ್ರೂ ಸದ್ದು ಕಮ್ಮಿ ಬೇಕು

ಹದಿನೆಂಟಕ್ಕೆ ಇಟ್ರೆ ಇನ್ವರ್ಟರ್ ಕಂಪ್ರೆಸರ್ ಪೂರ್ತಿ ಸ್ಪೀಡಲ್ಲೇ ಓಡ್ತಾ ಇರ್ತದೆ, ಸದ್ದು ಇಳಿಯೋದೇ ಇಲ್ಲ. 25–26ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ಮೆಲ್ಲಗೆ ಹಾಕಿ, ಕೋಣೆ ತಂಪಾದ ಮೇಲೆ ಎಸಿ ತಾನಾಗೇ ಇಳಿದ ಸದ್ದಿಗೆ ಬರ್ತದೆ. 2020ರ ಜನವರಿಯಿಂದ ಸ್ಟಾರ್ ಇರೋ ಎಸಿಗಳು 24ರಲ್ಲೇ ಶುರು ಆಗೋ ಹಾಗೆ ಕಂಪನಿಯಿಂದಲೇ ಬರ್ತಾವೆ, ಅಲ್ಲಿಂದ ಕೆಳಗೆ ಇಳಿಸೋರು ನಾವೇ. ಮಲಗೋ ಅರ್ಧ ಗಂಟೆ ಮೊದ್ಲು ಹಾಕಿದ್ರೆ ಜೋರಾಗಿ ಓಡೋ ಹೊತ್ತು ನೀವು ಊಟದ ಮನೇಲಿ ಕಳೀಬಹುದು. ರಿಮೋಟಲ್ಲಿ ಕ್ವಯಟ್ ಅಂತ ಬಟನ್ ಇದ್ರೆ ಬಳಸಿ.

ಪಕ್ಕದ ಮನೆಯವ್ರ ವಿಚಾರವೂ ಇದೆ. ನಮ್ಮ ಪೇಟೆಯಲ್ಲಿ ಪಾಗಾರಕ್ಕೆ ಪಾಗಾರ ತಾಗಿರ್ತದೆ, ನಿಮ್ಮ ಹೊರಗಿನ ಯೂನಿಟ್ ಅವ್ರ ಕಿಟಕಿ ಎದುರು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಜಾಗಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ ಹಾಕಿದ್ದಾರೆ. ಮೊಬೈಲ್ ಆ್ಯಪಿನ ಅಂಕೆ ಕರಾರುವಾಕ್ಕಲ್ಲ, ರಬ್ಬರ್ ಹಾಕೋ ಮೊದ್ಲು ಎಷ್ಟಿತ್ತು ಆಮೇಲೆ ಎಷ್ಟಾಯ್ತು ಅಂತ ಹೋಲಿಸೋಕೆ ಅಡ್ಡಿಲ್ಲ. ಯೂನಿಟ್ಟಿನ ಸುತ್ತ ಹಲಗೆ ಪೆಟ್ಟಿಗೆ ಮುಚ್ಚಿ ಸದ್ದು ತಡೀತೀವಿ ಅಂತ ಕೆಲವರು ಹೊರಡ್ತಾರೆ, ಬಿಸಿಗಾಳಿ ಹೊರಗೆ ಹೋಗದೆ ಕಂಪ್ರೆಸರ್ ಇನ್ನೂ ಜೋರಾಗಿ ಕಿರುಚ್ತದೆ, ಬೇಡ.

ಮಳೆಗಾಲಕ್ಕೆ ಮೊದ್ಲು, ಆಮೇಲೆ

ಜೂನಿಂದ ಸೆಪ್ಟೆಂಬರ್ ಜಾಸ್ತಿ ಮನೆಗಳಲ್ಲಿ ಎಸಿ ಸುಮ್ನೆ ಕೂತಿರ್ತದೆ, ತುಕ್ಕು ಮಾತ್ರ ಕೂತಿರಲ್ಲ. ಮೇ ಕೊನೆಗೆ ಎಂಸಿಬಿ ಇಳಿಸಿ ಹೊರಗಿನ ಯೂನಿಟ್ಟಿನ ಕಾಯಿಲ್ ಬದಿಯನ್ನ ಬಾವಿ ಇಲ್ಲಾ ನಳದ ಸಿಹಿನೀರಲ್ಲಿ, ತೋಟದ ಪೈಪಿನ ಮೆಲ್ಲನೆ ಧಾರೆಯಲ್ಲಿ ತೊಳೀರಿ, ಉಪ್ಪು ಇಳಿದು ಹೋಗಲಿ. ಕಾರು ತೊಳೆಯೋ ಪ್ರೆಶರ್ ಪಂಪ್ ಬೇಡ, ಕಾಯಿಲಿನ ತೆಳು ತಗಡು ಮಡಚಿ ಹೋಗ್ತಾವೆ. ಪೂರ್ತಿ ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಪಸೆ ನಿಂತು ತುಕ್ಕು ಇನ್ನೂ ಬೇಗ, ಮೇಲ್ಭಾಗಕ್ಕೆ ಮಾತ್ರ ಮುಚ್ಚಿಗೆ ಸಾಕು. ನಡುನಡುವೆ ಬಿಸಿಲು ಬಿದ್ದ ದಿನ ಫ್ಯಾನ್ ಮೋಡಲ್ಲಿ ಅರ್ಧ ಗಂಟೆ ಓಡಿಸಿದ್ರೆ ಬ್ಲೋವರಿಗೆ ಬೂಷ್ಟು ಕಮ್ಮಿ. ಗುಡುಗು ಸಿಡಿಲಿಗೆ ಮೊದ್ಲೇ ಪ್ಲಗ್ ತೆಗೆದಿಡಿ.

ಮೆಕ್ಯಾನಿಕ್ಕಿಗೆ ಫೋನ್ ಮಾಡೋವಾಗ "ಸದ್ದು ಬರ್ತದೆ" ಅನ್ನೋ ಬದ್ಲು ಒಳಗಾ ಹೊರಗಾ, ಫ್ಯಾನ್ ಮೋಡಲ್ಲಿ ಬರ್ತದಾ, ಆನ್ ಮಾಡಿ ಎಷ್ಟು ಹೊತ್ತಿಗೆ ಬರ್ತದೆ, ಯೂನಿಟ್ ಎಷ್ಟನೇ ಮಹಡಿ, ಆ ಹೊತ್ತಲ್ಲಿ ವೋಲ್ಟೇಜ್ ಎಷ್ಟು ಅಂತ ಹೇಳಿ, ವಿಡಿಯೋ ಕಳ್ಸಿ. ಬರೋರು ಸ್ಟ್ಯಾಂಡಿನ ಬೋಲ್ಟೋ ಬುಷ್ಷೋ ಕೈಲಿ ಹಿಡ್ಕೊಂಡೇ ಬರ್ತಾರೆ, ಎರಡನೇ ಸಲದ ವಿಸಿಟ್ ಚಾರ್ಜ್ ಉಳೀತದೆ.